ಹಿಂದಿನ ಸೀಟಿನಲ್ಲಿ ಅವ್ವ

ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳುವ ಟೀಚರನ್ನು ಮಾತ್ರ ಮದುವೆಯಾಗಬೇಡಿ. ಹೇಳಲೇಬೇಕಾದ ಹೊತ್ತಿಗೆ ಬಾಯಿ ಬಿಡುವುದಿಲ್ಲ.

ಈ ಸಲ ಹಿರಿಯರ ಹಬ್ಬಕ್ಕೆ ಅವ್ವನ ಫೋಟೊ ಮುಂದೆ ಎಡೆ ಇಡುವುದಿಲ್ಲವೆಂದು ನಾನು ಘೋಷಿಸಿದ್ದೆ. "ಸತ್ತೋರು ಕಡುಬು ತಿನ್ನಾಕೆ ಬರ್ತಾರೇನೆ?" ಎಂದಿದ್ದೆ. ಹೆಂಡತಿ ಕಲ್ಪನಾ ನನ್ನನ್ನು ನೋಡಿ ಮುಗುಳ್ನಕ್ಕಳು (ಆಗಲೇ ಹೆದರಬೇಕಿತ್ತು).

ಹಬ್ಬದ ಹಿಂದಿನ ಸಂಜೆ ಚನ್ನಗಿರಿಯಿಂದ ಕಾರಿನಲ್ಲಿ ತ್ಯಾವಣಿಗೆಯ ಮನೆಗೆ ಹೊರಟೆವು. ಹೊಸ ಕಟ್ಟು ಹಾಕಿಸಿದ ಅವ್ವನ ಫೋಟೊ ಹಿಂದಿನ ಸೀಟಿನಲ್ಲಿತ್ತು. ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಕೊಂಡ ಗ್ಯಾಸ್ ಬಲೂನಿನ ಉದ್ದನೆಯ ದಾರವನ್ನು ಆ ಫೋಟೊಗೇ ಕಟ್ಟಿದ್ದೆ. ಗಾಜೆಲ್ಲ ಏರಿಸಿದ್ದೆ.

ನಲ್ಲೂರು ದಾಟಿ ಆಕ್ಸಿಲರೇಟರ್ ಒತ್ತಿದೆ. ನನ್ನ ಬೆನ್ನು ಸೀಟಿಗೆ ಅಂಟಿತು. ಬಲೂನು ಮಾತ್ರ ಮುಂದೆ ತೇಲಿಬಂದು ಕಿವಿ ಮುಟ್ಟಿತು, ತಣ್ಣಗೆ. ಬ್ರೇಕ್ ಹಾಕಿದೆ. ಕೈಚೀಲ ಮುಂದಕ್ಕೆ ಜಾರಿತು, ಬಲೂನು ಹಿಂದೆ ಸರಿದು ಫೋಟೊದ ಮೇಲೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಕಿವಿ. ನಾನು ಜೋರಾಗಿ ಓಡಿಸಿದರೆ ಅವ್ವನೂ ಹೀಗೇ ಹಿಂದಿನಿಂದ ಬಾಗಿ ಕಿವಿ ಮುಟ್ಟುತ್ತಿದ್ದಳು. ಅಷ್ಟರಲ್ಲಿ ಕೇಳಿಸಿತು:

"ಮೆಲ್ಲಕೆ ಹೋಗಪ್ಪ."

ಆಕ್ಸಿಲರೇಟರಿನಿಂದ ಕಾಲು ತೆಗೆದೆ. "ಕಲ್ಪನಾ, ಎಲ್ಲಾ ಹಿಂದಕ್ಕೆ ಹೋದ್ರೆ ಈ ಬಲೂನು ಯಾಕೆ ಮುಂದಕ್ಕೆ ಬರತೈತೆ?"

"ಅತ್ತೇನ ಕೇಳ್ರಿ," ಎಂದು ಕಿಟಕಿ ಕಡೆ ಮುಖ ತಿರುಗಿಸಿದಳು.

"ಅವ್ವಾ, ಎಡೆ ಇಡ್ತೀನಿ! ಕಡುಬು ನಾನೇ ಮಾಡ್ತೀನಿ!" ಎಂದು ಸ್ಟೇರಿಂಗ್ ಮುಟ್ಟಿ ಆಣೆ ಮಾಡಿದೆ. ಎಮ್ಮೆಗಳಿಗೂ ದಾರಿ ಬಿಡುತ್ತಾ ಮನೆ ಸೇರಿದೆ.

ಮಾರನೇ ದಿನ ಮೈಯೆಲ್ಲ ಹಿಟ್ಟು ಮಾಡಿಕೊಂಡು ಕಡುಬು ಮಾಡಿ ಎಡೆ ಇಟ್ಟೆ. ಕಲ್ಪನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಲೂನಿಗಿಂತ ಕಾರಿನ ಒಳಗಿನ ಗಾಳಿ ಭಾರ ಕಣ್ರೀ. ಕಾರು ಮುಂದಕ್ಕೆ ನುಗ್ಗಿದ್ರೆ ಭಾರದ ಗಾಳಿ ಹಿಂದಕ್ಕೆ ಒತ್ತತೈತೆ, ಹಗುರದ ಬಲೂನು ಮುಂದಕ್ಕೆ ಬರತೈತೆ. ನನ್ನ ಕ್ಲಾಸಿನ ಹುಡುಗ್ರಿಗೂ ಗೊತ್ತು!"

ನನ್ನ ಮಾನ ಬೀದಿಪಾಲಾಯಿತು. ಮೈಯೆಲ್ಲ ಉರಿಯಿತು. "ಗೊತ್ತಿದ್ದೂ ನೀನು ಹೇಳಲಿಲ್ಲ. ಸಾಲದ್ದಕ್ಕೆ ಅವ್ವನ ದನಿ ತೆಗೆದು 'ಮೆಲ್ಲಕೆ ಹೋಗಪ್ಪ' ಅಂತ ಅಣಕಿಸಿದೆ!"

ಅವಳ ನಗು ಗಕ್ಕನೆ ನಿಂತಿತು.

"ಅದು... ನೀವಲ್ವಾ ಅಂದಿದ್ದು?"

ಇಬ್ಬರೂ ಫೋಟೊ ನೋಡಿದೆವು. ಬಾಯಿಗೆ ಒಯ್ಯುತ್ತಿದ್ದ ಕಡುಬನ್ನು ನಾನು ಮೆಲ್ಲಗೆ ಎಡೆಗೇ ಇಟ್ಟೆ. ವಿಜ್ಞಾನದ ಟೀಚರು ಒಳಗೆ ಹೋಗಿ ತುಪ್ಪ ತಂದು ಸುರಿದಳು.