ಧಾರೆಯ ಹೊತ್ತಿಗೆ ನಿಲ್ಲುವ ಮದುವೆ

ಕಂಪ್ಯೂಟರ್ ರಿಪೇರಿ ಮಾಡುವವಳಿಗೆ ನಗುವನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅದು ತಾನಾಗಿಯೇ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು, ಬಸ್ಸಿನಲ್ಲಿ ಯಾರದೋ ತೊಡೆಯ ಮೇಲೆ ಕೂತು, ಶಿರಸಿಯ ನನ್ನ ಅಂಗಡಿಯ ಮುಂದೆ ಬಂದಿಳಿಯುತ್ತದೆ. ಈ ಮಳೆಗಾಲದಲ್ಲಿ ಹಾಗೆ ಬಂದದ್ದು ಸಿದ್ದಾಪುರದ ಸ್ಟುಡಿಯೋದವನ ಕಂಪ್ಯೂಟರು.

ಸ್ಟುಡಿಯೋದವನು ಹೊಸಬ. ಬೇರೆಯವರ ಕೈಕೆಳಗೆ ಕ್ಯಾಮೆರಾ ಹಿಡಿದು ಸಾಕಾಗಿ ಈಗಷ್ಟೇ ಸ್ವಂತ ಬೋರ್ಡು ಹಾಕಿದ್ದ. ಸಿಕ್ಕ ಮೊದಲ ದೊಡ್ಡ ಮದುವೆ. ಮದುಮಗಳ ಅಜ್ಜಿ ಮಂಚಿಕೇರಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದರಿಂದ, ಎತ್ತಿ ಆಡಿಸಿದ ಮೊಮ್ಮಗಳ ಧಾರೆ ನೋಡಲು ಅವರಿಗೆ ಆಗಿರಲಿಲ್ಲ. ‘ಬರುವ ಭಾನುವಾರ ಟಿವಿಯಲ್ಲಿ ಪೂರ್ತಿ ಮದುವೆ ತೋರಿಸ್ತೆ ಅಜ್ಜಿ’ ಎಂದು ಇವನು ಮಾತು ಕೊಟ್ಟಿದ್ದ. ಅವತ್ತು ಮದುಮಕ್ಕಳೂ ನೆಂಟರೂ ಅಲ್ಲಿ ಸೇರುವವರು. ಆದರೆ ವಿಡಿಯೋ ತಯಾರಾಗುವಾಗ ಸರಿಯಾಗಿ ಧಾರೆಯ ಹೊತ್ತಿಗೆ ಕಂಪ್ಯೂಟರು ತೆವಳಲು ಶುರುಮಾಡಿ, ಆಮೇಲೆ ಆಫ್ ಆಗುತ್ತಿತ್ತು. ಹೂಮಳೆ, ನಕ್ಷತ್ರ, ನಿಧಾನವಾಗಿ ಬೀಳುವ ನೀರು ಎಂದು ಇದ್ದಬದ್ದ ಅಲಂಕಾರವನ್ನೆಲ್ಲ ಅವನು ಅಲ್ಲೇ ತುಂಬಿದ್ದ.

ಜ್ವರ ಇಲ್ಲ

‘ಬೇಗ ಮುಗೀಲಿ ಅಂತ ಓವರ್‌ಕ್ಲಾಕ್ ಮಾಡಿದೆ ಅಕ್ಕಾ’ ಎಂದ. ಅಂದರೆ ಕಂಪನಿಯವರು ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸುವುದು. ಓಡಿದಷ್ಟೂ ಬಿಸಿ. ಬಿಸಿ ಮಿತಿಮೀರಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ; ಅಷ್ಟಕ್ಕೂ ತಣಿಯದಿದ್ದರೆ ಕಣ್ಣುಮುಚ್ಚಿ ಮಲಗುತ್ತದೆ.

‘ಟೆಂಪರೇಚರ್ ಎಷ್ಟು ತೋರಿಸ್ತದೆ, ನೋಡಿದ್ಯಾ?’

‘ನೋಡದೇ ಇರ್ತೇನಾ? ತೊಂಬತ್ತೇಳು. ನಾರ್ಮಲ್.’

‘ತೊಂಬತ್ತೇಳು ನಾರ್ಮಲ್ಲಾ?’

‘ಜ್ವರ ಅನ್ನೋದು ತೊಂಬತ್ತೊಂಬತ್ತು ದಾಟಿದ ಮೇಲೆ ಅಲ್ವಾ ಅಕ್ಕಾ?’

ಇದು ಡಾಕ್ಟರು ಬಾಯಿಗಿಡುವ ಥರ್ಮಾಮೀಟರಿನ ಲೆಕ್ಕವಲ್ಲ, ಈ ಲೆಕ್ಕದಲ್ಲಿ ನೂರಕ್ಕೆ ನೀರು ಕುದಿಯುತ್ತದೆ ಎಂದೆ. ಅವನ ಮುಖ ಸಣ್ಣದಾಯಿತು.

‘ಅಯ್ಯೋ! ನಿನ್ನೆ ತೊಂಬತ್ತೆಂಟಕ್ಕೆ ಹೋದಾಗ, ಗಾಳಿ ತಾಗಿ ಶೀತ ಆಯ್ತೇನೋ ಅಂತ ರೂಮಿನ ಫ್ಯಾನು ಬಂದ್ ಮಾಡಿಬಿಟ್ಟೆ.’

ಬಿಳಿ ಪೇಸ್ಟು

ವೇಗವನ್ನು ಮೊದಲಿನ ಹಾಗೆ ಇಳಿಸಿ, ಪ್ರೊಸೆಸರಿನ ಮೇಲೆ ಕೂತಿರುವ ಫ್ಯಾನು ಬಿಚ್ಚಿದೆ. ಇವೆರಡರ ನಡುವೆ ಬಿಸಿಯನ್ನು ಮೇಲಕ್ಕೆ ದಾಟಿಸುವ ಒಂದು ಪೇಸ್ಟು ಇರಬೇಕು. ಇಲ್ಲಿ ಬಿಳಿ ಚಕ್ಕೆ ಚಕ್ಕೆಯಾಗಿ ಏನೋ ಒಣಗಿ ಉದುರುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ನೋಡಿದೆ. ದಿನವೂ ಎಲೆಯಡಿಕೆಯ ಕವಳ ಹಾಕುವ ಮನೆಯಲ್ಲಿ ಬೆಳೆದವಳಿಗೆ ಇದು ಗೊತ್ತಾಗದೇ ಇರುತ್ತದೆಯೇ?

‘ಇದು ಸುಣ್ಣ ಅಲ್ವೇನೋ?’

ಅವನು ನೆಲ ನೋಡಿದ. ‘ವಿಡಿಯೋದಲ್ಲಿ ಬಿಳೀ ಪೇಸ್ಟು, ಕಡಲೆ ಕಾಳಿನಷ್ಟು ಹಚ್ಚಿ ಅಂದಿದ್ರು. ಅಂಗಡಿ ಬಾಗಿಲು ಹಾಕಿತ್ತು. ಆಯಿಯ ಕವಳದ ತಟ್ಟೆಯಲ್ಲಿ ಬಿಳೀ ಪೇಸ್ಟು ಇತ್ತು.’

ಬಯ್ಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಸುಣ್ಣ ಕೆರೆದು ಒರೆಸುತ್ತ, ‘ಹೊಗೆಸೊಪ್ಪು ಹಾಕಲಿಲ್ಲ ತಾನೇ?’ ಎಂದೆ.

ಅವನು ಗಂಭೀರವಾಗಿಯೇ ಹೇಳಿದ: ‘ಇಲ್ಲ ಅಕ್ಕಾ. ಅದನ್ನ ವಿಡಿಯೋದಲ್ಲಿ ಹೇಳಿರಲಿಲ್ಲ.’

ಯಾರ ಮದುವೆ?

ಸರಿಯಾದ ಪೇಸ್ಟು ಹಚ್ಚಿ ಸಂಜೆಯವರೆಗೆ ಓಡಿಸಿದೆ. ಅರವತ್ತೆಂಟು ದಾಟಲಿಲ್ಲ. ಅವನು ಖುಷಿಯಿಂದ ಹೊತ್ತುಕೊಂಡು ಹೋದ. ಮರುದಿನ ಫೋನು: ‘ಅಕ್ಕಾ, ಮತ್ತೆ ತೊಂಬತ್ತೈದು. ಧಾರೆಗೆ ನಿಂತಿತು.’ ತಿರುಗಿ ತಂದ. ನನ್ನ ಮೇಜಿನ ಮೇಲೆ ಮತ್ತೆ ಅರವತ್ತೆಂಟು. ತವರಿಗೆ ಬಂದ ಮಗಳ ಹಾಗೆ ಇಲ್ಲಿದ್ದಷ್ಟು ಹೊತ್ತು ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ವಿಡಿಯೋವನ್ನು ಇಲ್ಲೇ ತಯಾರು ಮಾಡೋಣ ಎಂದರೆ, ಮದುವೆಯಿರುವ ಡಿಸ್ಕು ಬೇರೆಯೇ, ಅದೂ ಒಂದೇ ಒಂದು. ಅದನ್ನು ಮಳೆಯಲ್ಲಿ ಬಸ್ಸು ಹತ್ತಿಸಲು ಅವನಿಗೆ ಧೈರ್ಯವಿಲ್ಲ. ಕಂಪ್ಯೂಟರನ್ನೇ ತಿರುಗಿ ಹೊತ್ತುಕೊಂಡು ಹೋದ; ಅಲ್ಲಿ ಮತ್ತೆ ಅದೇ ಕಥೆ.

ಅಷ್ಟರಲ್ಲಿ ನನ್ನ ನಂಬರು ಮದುಮಗಳ ಸೋದರಮಾವನಿಗೆ ಸಿಕ್ಕಿತ್ತು. ಯಲ್ಲಾಪುರದಲ್ಲಿ ಮರದ ವ್ಯಾಪಾರ ಮಾಡುವ ದೊಡ್ಡ ಗಂಟಲಿನ ಮನುಷ್ಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನು ಮಾಡಿ ಕೇಳುವುದು ಒಂದೇ ಮಾತು: ‘ಮೇಡಂ, ಧಾರೆ ಆಯ್ತಾ?’

ಶುಕ್ರವಾರ ಊಟಕ್ಕೆ ಕೂತಾಗಲೂ ಬಂತು. ‘ಇಲ್ಲ ಸಾರ್, ಇನ್ನೂ ಆಗಿಲ್ಲ. ಸಿಕ್ಕಾಪಟ್ಟೆ ಬಿಸಿಯಾಗಿ ಅರ್ಧಕ್ಕೆ ನಿಂತಿದೆ. ನಾಳೆ ನಾನೇ ಹೋಗಿ ನೋಡ್ತೇನೆ’ ಎಂದು ಫೋನು ಇಟ್ಟೆ.

ನಮ್ಮ ಮನೆಯವರು ಬಡಿಸುವ ಕೈ ನಿಲ್ಲಿಸಿ ಕೇಳಿದರು: ‘ಗಲಾಟೆ ಗಂಡಿನ ಕಡೆಯವರದ್ದೋ, ಹೆಣ್ಣಿನ ಕಡೆಯವರದ್ದೋ?’

ಕಪಾಟು

ಶನಿವಾರ ಅಂಗಡಿಗೆ ಬೀಗ ಹಾಕಿ ಸಿದ್ದಾಪುರದ ಬಸ್ಸು ಹತ್ತಿದೆ. ಸ್ಟುಡಿಯೋ ಎಂದರೆ ಮನೆಯ ಮುಂದಿನ ಕೋಣೆ. ಮೇಜಿನ ಮೇಲೆ ಪರದೆಯಿದೆ, ಕೀಬೋರ್ಡಿದೆ, ಕಂಪ್ಯೂಟರ್ ಇಲ್ಲ. ವಯರುಗಳೆಲ್ಲ ಪಕ್ಕದ ಮರದ ಕಪಾಟಿನೊಳಗೆ ಹೋಗಿದ್ದವು. ಬಾಗಿಲು ತೆಗೆದೆ. ಬಚ್ಚಲ ಒಲೆಯ ಮುಂದೆ ಕೂತ ಹಾಗೆ ಮುಖಕ್ಕೆ ಬಿಸಿ ಬಡಿಯಿತು.

ಒಳಗೆ ದೊಡ್ಡ ಬಲ್ಬೊಂದು ಉರಿಯುತ್ತಿತ್ತು. ಅದರ ಒಂದು ಬದಿಗೆ ಕ್ಯಾಮೆರಾ, ಇನ್ನೊಂದು ಬದಿಗೆ ನಮ್ಮ ಕಂಪ್ಯೂಟರು. ಮೇಲಿನ ಹಲಗೆಯ ತುಂಬ ಸಾಲಾಗಿ ಹಲಸಿನ ಹಪ್ಪಳ.

‘ಬಲ್ಬು ಆನೇ ಹಚ್ಚಿಡ್ತೆ ತಂಗಿ’ ಎಂದು ಎದೆ ಮುಟ್ಟಿಕೊಂಡರು ಅವನ ತಾಯಿ, ಅದೇ ಕವಳದ ಆಯಿ. ‘ಹೋದ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದು ಹೋತು. ಮಾಣಿ ಊಟ ಬಿಟ್ಟು ಕುಂತಿದ್ದ. ಈ ಸಲ ಬಲ್ಬು ಆರ್ಸಲೆ ಆನು ಬಿಡ್ತ್ನಿಲ್ಲೆ. ಬಾಗಿಲು ತೆಗೆದಿಟ್ರೆ ಥಂಡಿ ಹೊಕ್ತಿಲ್ಯ?’

ನಮ್ಮ ಮನೆಯ ಸೀರೆಯ ಕಪಾಟಿನಲ್ಲೂ ಮಳೆಗಾಲಕ್ಕೆ ಒಂದು ಬಲ್ಬು ಉರಿಯುತ್ತದೆ. ಮಗನ ಅನ್ನ ಹುಟ್ಟುವ ಸಾಮಾನನ್ನು ಆ ತಾಯಿ ಕಣ್ಣಿನ ಹಾಗೆ ಕಾಯುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು.

ಮಗನನ್ನು ಮಾತ್ರ ತರಾಟೆಗೆ ತೆಗೆದುಕೊಂಡೆ: ‘ಇದನ್ನ ಮೊದಲೇ ಹೇಳೋದಲ್ವಾ ಮಾರಾಯ?’

‘ಎಲ್ಲರ ಮನೆಯಲ್ಲೂ ಇರೋ ಬಲ್ಬು ಅಕ್ಕಾ. ಹೇಳೋದಕ್ಕೆ ಎಂತ ಇದೆ?’

ಕ್ಯಾಮೆರಾಕ್ಕೆ ಬೆಚ್ಚಗಿರಲಿ, ಕಂಪ್ಯೂಟರಿಗೆ ತಣ್ಣಗಿರಲಿ ಎಂದು ಆಯಿಯನ್ನು ಒಪ್ಪಿಸಿ, ಕಂಪ್ಯೂಟರನ್ನು ಹೊರಗೆ ಕಿಟಕಿಯ ಪಕ್ಕ ಇಟ್ಟೆ. ವಿಡಿಯೋ ಓಡತೊಡಗಿತು. ಎಪ್ಪತ್ತು. ಎಪ್ಪತ್ತೆರಡು. ಧಾರೆ ಹತ್ತಿರ ಬಂತು. ನಾವು ಮೂವರೂ ಎದ್ದು ನಿಂತೆವು, ಆಯಿ ಕೈಮುಗಿದರು. ನೀರು ಬಿತ್ತು, ಹೂಮಳೆ ಸುರಿಯಿತು, ಕಂಪ್ಯೂಟರು ನಿಲ್ಲಲಿಲ್ಲ. ಸ್ಟುಡಿಯೋದವನು ನೆಲದ ಮೇಲೆ ಕುಸಿದು ಕೂತು ಅತ್ತೇಬಿಟ್ಟ. ನನ್ನ ಕಣ್ಣೂ ಒದ್ದೆಯಾಯಿತು.

ಆಯಿ ಕಪಾಟಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು: ‘ಬರೀ ಬಲ್ಬಿನ ಬಿಸಿ ಸಾಕಾಗ್ತಿಲ್ಲೆ ತಂಗಿ. ಹಪ್ಪಳ ಇನ್ನು ಎಲ್ಲಿ ಒಣಗ್ಸದು?’

ಮಂಚಿಕೇರಿಯಿಂದ

ಭಾನುವಾರ ಮಧ್ಯಾಹ್ನ ಸೋದರಮಾವನ ಫೋನು. ‘ಮೇಡಂ, ಧಾರೆ ಆಯ್ತು!’ ಎಂದ ಕೂಗು ನಮ್ಮ ಪಕ್ಕದ ಮನೆಗೂ ಕೇಳಿಸಿರಬೇಕು. ಅಜ್ಜಿ ಧಾರೆಯನ್ನು ಮತ್ತೆ ಮತ್ತೆ ಹಾಕಿಸಿದರಂತೆ. ಮಲಗಿದಲ್ಲಿಂದಲೇ ಟಿವಿಯ ಕಡೆ ಅಕ್ಷತೆ ಎರಚಿದರಂತೆ. ಮದುಮಕ್ಕಳು ಮಂಚದ ಪಕ್ಕ ಕೂತು ಕಾಲಿಗೆ ಬೀಳಲು ಹೋದರೆ, ಅಜ್ಜಿ ಪ್ಲಾಸ್ಟರ್ ಹಾಕದ ಕಾಲನ್ನೇ ಮುಂದೆ ಮಾಡಿದರಂತೆ. ಕೇಳುತ್ತ ಕೇಳುತ್ತ ನನಗೆ ಎದೆ ತುಂಬಿತು.

‘ಆಮೇಲೆ ಸ್ಟುಡಿಯೋದವರ ಮನೆಯಿಂದ ಬಂದ ಹಪ್ಪಳ ಕರಿದ್ರು’ ಎಂದರು ಅವರು. ‘ಅಜ್ಜಿ ಒಂದು ಮುರಿದು ಬಾಯಿಗೆ ಹಾಕ್ಕೊಂಡು ಟಿವಿ ಬಂದ್ ಮಾಡಿಸಿದ್ರು. ಈ ಮಳೇಲಿ ಇಷ್ಟು ಗರಿಗರಿ ಹೆಂಗೆ ಒಣಗಿತು ಅಂತ ಸ್ಟುಡಿಯೋ ಹುಡುಗನನ್ನ ಕೂರಿಸಿ ಪೂರ್ತಿ ವಿಚಾರಿಸಿದ್ರು. ಅದಕ್ಕೇ ಫೋನು ಮಾಡಿದ್ದು ಮೇಡಂ.’

‘ಯಾವುದಕ್ಕೆ ಸಾರ್?’

‘ಅಜ್ಜಿಗೊಂದು ಕಂಪ್ಯೂಟರ್ ಬೇಕಂತೆ. ಹಳೇದಾದ್ರೂ ಅಡ್ಡಿಲ್ಲ, ಕೆಲಸ ಮಾಡದೇ ಇದ್ರೂ ಅಡ್ಡಿಲ್ಲ. ಬಿಸಿ ಮಾತ್ರ ಚೆನ್ನಾಗಿ ಆಗ್ಬೇಕಂತೆ.’