ರಾಕ್ಷಸನ ಬಾಲ್ಯಕ್ಕೆ ಅವ್ವನ ಹೂಂ

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರು ಏನು ಕೇಳಿದರೂ ಉತ್ತರ ಹೇಳಲೇಬೇಕು ಎನ್ನುವ ಕಾಯಿಲೆ. ಗೊತ್ತಿಲ್ಲ ಎಂದುಬಿಟ್ಟರೆ ನನ್ನನ್ನು ಓದಿಸಲು ಅಪ್ಪ ಮಾರಿದ ಎರಡು ಹಸುಗಳಿಗೆ ಅವಮಾನವಾದೀತೆಂಬ ಭಯ. ನಾನು ಕೊಣನೂರಿನ ಪಕ್ಕದ ಹಳ್ಳಿಯವನು. ಅರಕಲಗೂಡಿನ ಬಸ್ಸಿನ ಏಣಿಗೆ ನೇತಾಡಿಕೊಂಡೇ ಬಿ.ಎ. ಮುಗಿಸಿದೆ, ಈಗ ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಇದನ್ನೆಲ್ಲ ನೀವು ಕೇಳಿರಲಿಲ್ಲ, ಗೊತ್ತು. ಕಾಯಿಲೆ ಅಂದೆನಲ್ಲ.

ಈ ಸಲ ಕೇಳಿದವಳು ನನ್ನ ಮಗಳು ಸಿಂಚನ, ನಾಲ್ಕನೇ ಕ್ಲಾಸು. ನಮ್ಮ ಅವ್ವ ಹೇಳುವ ಹಳೇ ಕತೆಯೊಂದಿದೆ: ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ರಾಕ್ಷಸ, ಏಳು ಕೆರೆಯಾಚೆ ಗಿಳಿಯೊಳಗಿರುವ ಅವನ ಜೀವ. "ಅಜ್ಜಿ, ಅದಕ್ಕೂ ಮುಂಚೆ ಏನಾಗಿತ್ತು? ಜೀವ ಗಿಳಿಯೊಳಗೆ ಹೆಂಗೆ ಹೋಯ್ತು?" ಎಂದು ಮಗಳು ಕೇಳಿದಳು. ಅವ್ವ, "ನಂಗೇನ್ ಗೊತ್ತವ್ವಾ, ನಾನೇನ್ ಅಲ್ಲಿದ್ನಾ?" ಅಂದುಬಿಟ್ಟಳು. ಡಿಗ್ರಿ ಇಲ್ಲದವರಿಗೆ ಎಷ್ಟು ಸುಖ ನೋಡಿ.

ನಾನು ಬಿಡಲಿಲ್ಲ. ರಾಕ್ಷಸನ ಬಾಲ್ಯವನ್ನು ಮಕ್ಕಳ ಸಾಹಸ ಕತೆಯಾಗಿ ಬರೆಯತೊಡಗಿದೆ. ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು. ಹಾರುವ ಕುದುರೆ, ಮಾತಾಡುವ ಬಂಡೆ, ಮಂತ್ರವಿದ್ಯೆಯ ಗುರುಕುಲ, ಎಲ್ಲ ಸೇರಿ ನೂರಿಪ್ಪತ್ತು ಪುಟ. ಗಿಳಿಯ ವಿಷಯಕ್ಕೇ ಮೂರು ಅಧ್ಯಾಯ. ಅಚ್ಚು ಹಾಕಿಸುವ ಮೊದಲು ಅವ್ವನಿಗೆ ಓದಿ ಹೇಳಬೇಕೆಂದುಕೊಂಡೆ. ನಮ್ಮ ಕಡೆ ಕತೆ ಕೇಳುವವರು ಮಾತಿಗೊಮ್ಮೆ ಹೂಂ ಅನ್ನಬೇಕು. ಹೂಂ ನಿಂತರೆ ಹೇಳುವವರು ಕತೆ ನಿಲ್ಲಿಸಬೇಕು. ಅವ್ವ ಹೂಂ ಅಂದರೆ ಅಚ್ಚಿಗೆ, ಇಲ್ಲವಾದರೆ ಅಟ್ಟಕ್ಕೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಅಚ್ಚಿಗೇ ಹೋಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಓದಿದೆ. ಮೊದಲ ಪುಟಕ್ಕೆ ಎರಡು ಹೂಂ ಬಂತು. ರಾಕ್ಷಸ ಗುರುಕುಲಕ್ಕೆ ಆರು ಮೈಲಿ ನಡೆದ ಕಡೆ ಒಂದು, ಅದೂ ಅರ್ಧ. ಅವನು ವಂಶದಲ್ಲೇ ಮೊದಲಿಗನಾಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಕಡೆ ನಾನು ದನಿ ಎತ್ತಿ, ಕನ್ನಡಕದ ಮೇಲಿಂದ ನೋಡಿದೆ. ಹೂಂ ಇಲ್ಲ. ಪದ್ಧತಿ ಪ್ರಕಾರ ನಿಲ್ಲಿಸಬೇಕಿತ್ತು. ನಾನು ಇನ್ನೂ ಒಂಬತ್ತು ಪುಟ ಓದಿದೆ.

"ಯಾಕವ್ವಾ, ಚೆನ್ನಾಗಿಲ್ವಾ?"

"ಚೆನ್ನಾಗೈತೆ ಕಣಪ್ಪಾ. ಆದ್ರೆ ರಾಕ್ಸಸ ಎಲ್ಲವ್ನೆ? ಬರೀ ನೀನೇ ಕಾಣ್ತಿದ್ದೀಯ."

ಪಕ್ಕದಲ್ಲೇ ಕೂತಿದ್ದ ಸಿಂಚನ ನಕ್ಕಳು. ನಕ್ಕು ಸುಮ್ಮನಿರಬಾರದೆ? "ಅಪ್ಪಾ, ಫಸ್ಟ್ ಕ್ಲಾಸಲ್ಲಿ ಪಾಸಾದವನು ರಾಜಕುಮಾರೀನ ಯಾಕೆ ಹೊತ್ಕೊಂಡು ಹೋದ?"

ಉತ್ತರ ಹುಡುಕಿ ಹಾಳೆ ತಿರುವಿದೆ. ನೂರಿಪ್ಪತ್ತು ಪುಟದಲ್ಲೂ ಇರಲಿಲ್ಲ.

"ಇನ್ಯಾತುಕ್ಕೆ?" ಅಂದಳು ಅವ್ವ. "ನಾನ್ ಓದ್ಬುಟ್ಟೆ, ನಾನ್ ಓದ್ಬುಟ್ಟೆ ಅಂತ ಊರೆಲ್ಲಾ ಯೋಳ್ಕಂಡ್ ತಿರುಗ್ದ. ಒಬ್ರೂ ಊಂ ಅನ್ನಲಿಲ್ಲ. ಅದ್ಕೇ ಒಬ್ಬಳನ್ನ ಒತ್ಕಂಡೋಗಿ ಎದುರುಗೆ ಕೂರುಸ್ಕಂಡ."

"ಗಿಳಿ, ಅಜ್ಜಿ?"

"ಚಿಕ್ಕೋನಾಗಿದ್ದಾಗ ಸ್ಲೇಟು ಕಳ್ಕಂಡ. ಬಳಪ ಕಳ್ಕಂಡ. ಛತ್ರಿ ಕಳ್ಕಂಡ. ದಿನಾ ಅಷ್ಟು ದೂರ ಓಗ್ಬರೋ ಮಗ, ಜೀವಾನಾದ್ರೂ ಮನೇಲಿರ್ಲಿ ಅಂತ ಅವರವ್ವನೇ ಗಿಳಿಯೊಳಗೆ ಮಡಗುದ್ಲು."

ಯಾರೋ ಹೂಂ ಎಂದರು. ನೋಡಿದರೆ ನಾನೇ.

"ಅಂಗ್ ಅನ್ನು ಮತ್ತೆ," ಎಂದು ಅವ್ವ ಕಾಲು ಚಾಚಿ ಕೂತು ಕತೆ ಮುಂದುವರಿಸಿದಳು. ನನ್ನ ನೂರಿಪ್ಪತ್ತು ಪುಟ ಮಾತಿನಂತೆ ಅಟ್ಟಕ್ಕೇರಿತು. ಈಗ ದಿನಾ ಸ್ಕೂಲಿನಿಂದ ಬಂದು ಅವಳು ಹೇಳಿದ್ದನ್ನು ಹೊಸ ಪುಸ್ತಕಕ್ಕೆ ಬರೆದುಕೊಳ್ಳುತ್ತೇನೆ. ಒಂದು ಮಾತು ಸೇರಿಸಲು ಹೋದರೂ, "ಅದ್ ನಾನ್ ಯೋಳ್ನಾ?" ಎಂದು ಹೊಡೆದು ಹಾಕಿಸುತ್ತಾಳೆ. ಹಾಗಂತ ಓದಿದ್ದು ವ್ಯರ್ಥವಾಯಿತೆಂದು ತಿಳಿಯಬೇಡಿ. ಆ ಪುಸ್ತಕದ ಅಲ್ಪವಿರಾಮಗಳು ಪೂರ್ತಿ ನನ್ನವು.