ಮನೆಯಲ್ಲಿ ಮಾತ್ರ ಒತ್ತುವ ಹಲ್ಲು

ಟೈಲರಮ್ಮನಿಗೆ ಗಂಡನ ಮೇಲೆ ಸಿಟ್ಟು ಬರದ ದಿನವೇ ಇರಲಿಲ್ಲ. ಆದರೆ ಅವತ್ತು ಬಂದದ್ದು ಮಾಮೂಲಿ ಸಿಟ್ಟಲ್ಲ, ಪ್ರಳಯಾಂತಕ ಸಿಟ್ಟು. ಗುಂಡಿ, ದಾರ ತರಲು ಪೇಟೆಗೆ ಹೋದವಳು ರಸ್ತೆ ತಿರುವಿನಲ್ಲಿ ಕಣ್ಣಾರೆ ಕಂಡಳು: ತನ್ನ ಪತಿದೇವರು, ನಿವೃತ್ತ ಬಸ್ ಕಂಡಕ್ಟರು, ಗೆಳೆಯರ ನಡುವೆ ಕೂತು ಹುರಿದ ಕಡಲೆಬೀಜವನ್ನು ಕಟಕಟನೆ ಕಡಿಯುತ್ತಿದ್ದರು!

ಇದಕ್ಕೆಲ್ಲ ಇಷ್ಟು ಸಿಟ್ಟೇ ಎನ್ನುವವರು ಆಕೆಯ ಅಡುಗೆಮನೆ ನೋಡಿಲ್ಲ. ಕಂಡಕ್ಟರ ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇಲ್ಲ. ಹಲ್ಲಿನ ಸೆಟ್ಟು ಮಾಡಿಸಿ ವರ್ಷವಾಗಿತ್ತು. ಆದರೆ ಆ ದಿವ್ಯ ದಂತಪಂಕ್ತಿ ಮನೆಯಲ್ಲಿದ್ದಾಗ ಮಾತ್ರ ಬಾಯಿಗೆ ಏರುತ್ತಿರಲಿಲ್ಲ. ("ಒಸಡು ಒತ್ತುತ್ತೆ ಕಣೇ, ಪ್ರಾಣ ಹೋಗುತ್ತೆ.") ಹಾಗಾಗಿ ಟೈಲರಮ್ಮ ವರ್ಷದಿಂದ ಎರಡೆರಡು ಅಡುಗೆ ಮಾಡುತ್ತಿದ್ದಳು: ಒಂದು ಮಾಮೂಲಿ, ಇನ್ನೊಂದು ಅರೆದು, ಮಸೆದು, ಸೋಸಿದ್ದು. ಸೆಟ್ಟು ಮಾತ್ರ ಆಕೆ ನೀರು ಕುಡಿಯುವ ಗಾಜಿನ ಲೋಟದೊಳಗೆ ಮುಳುಗಿ ಕೂತು, ಆಕೆ ಬಂದು ಹೋದಾಗಲೆಲ್ಲ ನೋಡಿ ಕಿಸಿಯುತ್ತಿತ್ತು.

ಕಂಡಕ್ಟರು ಹೊಸ್ತಿಲು ದಾಟುವಷ್ಟರಲ್ಲಿ ಕತ್ತರಿ ಹಿಡಿದೇ ಎದುರು ನಿಂತಳು.

"ಒತ್ತುತ್ತೆ ಅಂದ್ರಲ್ಲ?"

"ಮನೆಯೊಳಗೆ ಒತ್ತುತ್ತೆ. ಹೊರಗಿನ ಗಾಳಿಗೆ ಸ್ವಲ್ಪ ಸಡಿಲ ಆಗುತ್ತೆ."

"ಸಡಿಲ ಆಗಿರೋದು ಹಲ್ಲಲ್ಲ, ನಿಮ್ಮ ನಾಲಿಗೆ! ನಡೀರಿ ಡಾಕ್ಟರ ಹತ್ರ. ಒತ್ತಲ್ಲ ಅಂತ ಅವರು ಹೇಳಿಬಿಟ್ರೆ, ಇವತ್ತಿಂದ ನಿಮ್ಮ ರುಬ್ಬೋ ಕಲ್ಲು ನಿಮ್ಮ ಬಾಯಲ್ಲೇ ಇರ್ಬೇಕು!"

ಹಲ್ಲಿನ ಡಾಕ್ಟರು ಮೊಮ್ಮಗಳ ವಯಸ್ಸಿನ ಹುಡುಗಿ. ಕಂಡಕ್ಟರ ಒಸಡನ್ನು ಬೆರಳಿನಿಂದ ಸವರಿ ನೋಡಿದಳು, ಬಣ್ಣದ ಕಾಗದ ಕಚ್ಚಿಸಿ ನೋಡಿದಳು.

"ಒಂದು ಗಾಯ ಇಲ್ಲ, ಎಲ್ಲೂ ಕೆಂಪಾಗಿಲ್ಲ. ಹೇಳಿ ಮಾಡಿಸಿದ ಹಾಗಿದೆ ತಾತ."

"ಹೇಳಿಯೇ ಮಾಡಿಸಿದ್ದು," ಎಂದು ಕಂಡಕ್ಟರು ಗೊಣಗಿದರು.

"ಕೇಳಿಸ್ತಾ?" ಟೈಲರಮ್ಮ ಎದ್ದು ನಿಂತಳು. "ವರ್ಷದಿಂದ ಅರೆದೂ ಅರೆದೂ ನನ್ನ ಕೈ ಬಿದ್ದುಹೋಗಿದೆ. ಇವರು ಊರೆಲ್ಲ ಕಡಲೆಬೀಜ ಕಡ್ಕೊಂಡು..." ಮಾತಿನ ನಡುವೆ ಕೈ ತಾನಾಗಿ ಎಡಗೆನ್ನೆಗೆ ಹೋಯಿತು.

"ಅಮ್ಮಾ, ನಿಮ್ಮ ಕೆನ್ನೆ ಯಾಕೆ ಊದಿದೆ?"

"ಸಿಟ್ಟಿಗೆ!"

"ಸಿಟ್ಟಿಗಾದ್ರೆ ಎರಡೂ ಕಡೆ ಊದ್ಬೇಕಿತ್ತಲ್ವಾ? ಕೂತ್ಕೊಳ್ಳಿ. ಬಾಯಿ ತೆಗೀರಿ."

ಜೀವನವಿಡೀ ಹಲ್ಲಿನಿಂದಲೇ ದಾರ ಕಡಿದು ಮುಂದಿನ ಹಲ್ಲುಗಳು ಗರಗಸವಾಗಿದ್ದವು. ಹಿಂದೆ ದವಡೆಯಲ್ಲಿ ಒಂದು ಗುಹೆ. ಗುಹೆಯೊಳಗೆ ತಪಸ್ಸಿಗೆ ಕೂತಂತೆ ಒಂದು ಲವಂಗ.

"ಕೀವು ಕಟ್ಟಿದೆ. ಎಷ್ಟು ದಿನದಿಂದ ನೋವು?"

"ನೋವು ಅಂತ ಕೂತ್ರೆ ಮನೆ ಯಾರು ನೋಡ್ತಾರೆ?" ಅಂದಳು ಟೈಲರಮ್ಮ.

"ಮತ್ತೆ ಊಟ ಹೇಗೆ ಮಾಡ್ತಿದ್ರಿ?"

ಟೈಲರಮ್ಮ ಸೆರಗು ಸರಿಮಾಡಿಕೊಳ್ಳತೊಡಗಿದಳು. ಕಂಡಕ್ಟರು ಕುರ್ಚಿಯಿಂದ ಚಿಮ್ಮಿ ಎದ್ದರು. "ನನಗೆ ಅಂತ ಅರೆದದ್ದರಲ್ಲಿ ಅರ್ಧ ಎಲ್ಲಿಗೆ ಹೋಗ್ತಿತ್ತು ಅಂತ ಈಗ ಗೊತ್ತಾಯ್ತು!"

ಇದಕ್ಕೆ ಕೊಡಬೇಕಾದ ಉತ್ತರ ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಸೂಜಿ ಬಂತು, ನಾಲಿಗೆಯೇ ಎಲ್ಲಿದೆಯೆಂದು ತಿಳಿಯದಾಯಿತು. ಹಲ್ಲು ಕಿತ್ತ ಜಾಗಕ್ಕೆ ಹತ್ತಿ ತುರುಕಿ ಡಾಕ್ಟರು ಹೇಳಿದಳು: "ಒಂದು ಗಂಟೆ ಕಚ್ಚಿ ಹಿಡ್ಕೊಂಡು ಹೊರಗೆ ಕೂತಿರಿ. ಬಾಯಿ ತೆಗೆದ್ರೆ ರಕ್ತ ನಿಲ್ಲಲ್ಲ."

ಹೊರಗಿನ ಬೆಂಚಿನಲ್ಲಿ ಕಂಡಕ್ಟರು ಮೊದಲು ಹೆಂಡತಿಯ ಕೈ ಸವರಿದರು. "ನೋವು ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದರು. ಆಮೇಲೆ ಹತ್ತಿ ಕಚ್ಚಿದ ಅವಳ ಬಾಯಿಯನ್ನು ನೋಡಿ ಏನನ್ನೋ ಯೋಚಿಸಿದರು. ಇಂಥ ನಿಶ್ಶಬ್ದ ಮದುವೆಯಾದಂದಿನಿಂದ ಅವರ ಪಾಲಿಗೆ ಬಂದಿರಲಿಲ್ಲ.

"ಅಲ್ಲ ಕಣೇ, ನನ್ನ ತಂಗಿ ಬಂದು ಎರಡು ತಿಂಗಳು ನಮ್ಮಲ್ಲೇ ಇರ್ತಾಳಂತೆ. ಬೇಡ ಅಂದ್ರೆ ಈಗಲೇ ಹೇಳಿಬಿಡು, ಬಲವಂತ ಇಲ್ಲ."

"ಮ್ಮ್ಮ್! ಮ್ಮ್ಮ್ಮ್!"

ಕಂಡಕ್ಟರು ಆಗಲೇ ಫೋನು ಕಿವಿಗೆ ಹಿಡಿದಿದ್ದರು. "ಹಲೋ, ಹೊರಟು ಬಾರಮ್ಮ. ನಿಮ್ಮತ್ತಿಗೆ ಪಕ್ಕದಲ್ಲೇ ಕೂತಿದ್ದಾಳೆ. ಬೇಡ ಅಂತ ಒಂದು ಮಾತಾಡಿದ್ರೆ ಕೇಳು!"

ಟೈಲರಮ್ಮನ ಕಣ್ಣು ಕೆಂಡವಾಯಿತು, ದವಡೆ ಬಿಗಿದು ನರ ಉಬ್ಬಿತು. ಅದೇ ಹೊತ್ತಿಗೆ ಬಾಗಿಲಿನಿಂದ ಇಣುಕಿದ ಡಾಕ್ಟರು ಮೆಚ್ಚಿಕೆಯಿಂದ ತಲೆಯಾಡಿಸಿದಳು.

"ಭೇಷ್ ಅಮ್ಮಾ! ಹೀಗೇ ಕಚ್ಚಿ ಹಿಡೀಬೇಕು."